ಒಂದು ಮೊಳ ಹಗ್ಗ

ಬಾವಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ಬರೀ ನನ್ನ ಎದೆಯಲ್ಲಿ ಇಡಿಸಿಕೊಂಡ ಪೇಸ್‌ಮೇಕರ್ ಬಗ್ಗೆ ಬರೆದರೆ ಅರ್ಧ ಸುಳ್ಳು ಬರೆದ ಹಾಗಾಗುತ್ತದೆ.

2025ರ ಮೇ ತಿಂಗಳು. ಹಾಸನ ತಾಲ್ಲೂಕಿನ ಒಂದು ಹಳ್ಳಿಯಿಂದ ನಮ್ಮ ಅಗ್ನಿಶಾಮಕ ಠಾಣೆಗೆ ಕಾಲ್ ಬಂತು. ಹಸು ಬಾವಿಗೆ ಬಿದ್ದಿದೆ. ಬೇಸಿಗೆಯಲ್ಲಿ ನಮಗೆ ಇಂಥ ಕಾಲ್ ಬರುತ್ತಲೇ ಇರುತ್ತವೆ. ಸುತ್ತಮುತ್ತ ಹುಲ್ಲೆಲ್ಲ ಒಣಗಿರುತ್ತದೆ, ಬಾವಿಯ ಅಂಚಿನಲ್ಲಿ ಮಾತ್ರ ಒಂದಿಷ್ಟು ಹಸಿರು ಉಳಿದಿರುತ್ತದೆ. ಕಟ್ಟೆ ಇಲ್ಲದ ಬಾವಿ. ಹಸು ಬಾಯಿ ಚಾಚುತ್ತದೆ, ಕಾಲಡಿಯ ಮಣ್ಣು ಕುಸಿಯುತ್ತದೆ.

ಕೆಲಸ ಗೊತ್ತಿರುವುದೇ. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯಬೇಕು. ನೀರು ಹೊಡೆಯುವ ಹೋಸ್ ಪೈಪಿನ ಹಳೆಯ ತುಂಡನ್ನು ಹಸುವಿನ ಹೊಟ್ಟೆಯಡಿ ಹಾಯಿಸಬೇಕು. ಹೋಸ್ ಅಗಲ ಇರುತ್ತದಲ್ಲ, ಹಗ್ಗದ ಹಾಗೆ ಮೈ ಕೊಯ್ಯುವುದಿಲ್ಲ. ಆಮೇಲೆ ಊರಿನವರೂ ನಾವೂ ಸೇರಿ ಎಳೆಯಬೇಕು. ಅವತ್ತು ಇಳಿದವನು ವಿಜಯಪುರ ಕಡೆಯ ಹುಡುಗ. ಸೇವೆಗೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅವನ ಹಗ್ಗ ನನ್ನ ಕೈಯಲ್ಲಿತ್ತು. ತೆಂಗಿನ ಮರಕ್ಕೆ ಒಂದು ಸುತ್ತು ಹಾಕಿ ನಿಧಾನವಾಗಿ ಬಿಡುತ್ತಾ ಇದ್ದೆ.

ಅವನು ಅರ್ಧ ಬಾವಿ ಇಳಿದಿದ್ದ. ನನಗೆ ಕಣ್ಣು ಕತ್ತಲೆ ಬಂತು. ಎರಡು ಸೆಕೆಂಡೋ ಮೂರು ಸೆಕೆಂಡೋ ಇರಬೇಕು. ಸುತ್ತ ನಿಂತ ಜನರ ಗದ್ದಲ ಎಲ್ಲೋ ದೂರ ಸರಿದ ಹಾಗಾಯಿತು. ಬೆರಳಿನ ಹಿಡಿತ ಸಡಿಲವಾಗಿ ಹಗ್ಗ ಅಂಗೈ ಉಜ್ಜಿಕೊಂಡು ಜಾರಿತು. ಒಂದು ಮೊಳ. ಹಿಂದೆ ನಿಂತಿದ್ದ ಡ್ರೈವರ್ ಗಬಕ್ಕನೆ ಹಗ್ಗ ಹಿಡಿದರು. ಅಷ್ಟರಲ್ಲಿ ನನಗೂ ಬೆಳಕು ಬಂತು.

ಕೆಳಗಿನಿಂದ ಹುಡುಗ ಕೂಗಿದ. 'ಅಣ್ಣಾರ, ಏನಾತ್ರೀ?'

'ಏನಿಲ್ಲಪ್ಪ, ಕೈ ಬೆವೆತಿತ್ತು, ಜಾರ್ತು' ಅಂದೆ.

ಹಸು ಬದುಕಿತು. ಊರಿನವರು ಎಳನೀರು ಕೊಟ್ಟರು. ವಾಪಸ್ ಬರುವಾಗ ಗಾಡಿಯಲ್ಲಿ ನಾನು ಅಂಗೈ ಮುಚ್ಚಿಕೊಂಡೇ ಕೂತಿದ್ದೆ. ಚರ್ಮ ಸುಲಿದು ಕೆಂಪಾಗಿತ್ತು. ಅದು ಹಗ್ಗದ ಗಾಯ ಅಂತ ಎಲ್ಲರಿಗೂ ಗೊತ್ತಿತ್ತು. ಯಾಕೆ ಆಯಿತು ಅನ್ನುವುದು ನನಗೊಬ್ಬನಿಗೇ ಗೊತ್ತಿತ್ತು.

ಯಾಕೆಂದರೆ ಅದು ಮೊದಲ ಸಲ ಅಲ್ಲ. ಎರಡು ತಿಂಗಳಿನಿಂದ ನಡೀತಾ ಇತ್ತು. ಬೆಳಗಿನ ಪರೇಡ್‌ನಲ್ಲಿ ಓಡುವಾಗ ಕಾಲಿಗೆ ಸೀಸ ಕಟ್ಟಿದ ಹಾಗೆ ಸುಸ್ತು. ಲ್ಯಾಡರ್ ಡ್ರಿಲ್‌ನಲ್ಲಿ ಹತ್ತು ಮೆಟ್ಟಿಲು ಏರಿದರೆ ತಲೆ ಹಗುರ. ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಗ್ಯಾಸ್ಟ್ರಿಕ್ ಅಂದರು. ಮಾತ್ರೆ ಬರೆದುಕೊಟ್ಟರು. ನಾಡಿ ಹಿಡಿದು ನೋಡಲಿಲ್ಲ. ಆದರೆ ಪೂರ್ತಿ ತಪ್ಪು ಅವರ ಮೇಲೆ ಹಾಕಲಾರೆ. ಕಣ್ಣು ಕತ್ತಲೆ ಬರುತ್ತದೆ ಅನ್ನುವ ಮಾತನ್ನು ಅಲ್ಲೂ ನಾನು ಹೇಳಿರಲಿಲ್ಲ. ಎದೆ ಉರಿ, ಸುಸ್ತು ಅಂತಷ್ಟೇ ಹೇಳಿದ್ದೆ. ನಿಜ ಹೇಳಿದರೆ ಟರ್ನ್ ಔಟ್‌ನಿಂದ, ಅಂದರೆ ಬೆಲ್ ಆದಾಗ ಗಾಡಿಯಲ್ಲಿ ಹೋಗುವ ಕೆಲಸದಿಂದ, ತೆಗೆದು ವಾಚ್ ರೂಮಿನಲ್ಲಿ ಫೋನ್ ಮುಂದೆ ಕೂರಿಸುತ್ತಾರೆ ಅನ್ನುವ ಭಯ. 19 ವರ್ಷ ಬೆಂಕಿಯ ಮುಂದೆ ನಿಂತವನಿಗೆ ಅದು ಸಣ್ಣ ಭಯ ಅಲ್ಲ.

ಆಮೇಲೆ ಜೂನ್ ಬಂತು. ಹಾಸನದವರಿಗೆ ಆ ಜೂನ್, ಜುಲೈ ಮರೆಯೋಕೆ ಆಗಲ್ಲ. 40 ದಿನಗಳಲ್ಲಿ ಜಿಲ್ಲೆಯ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡರು ಅನ್ನುವ ಸುದ್ದಿ ದಿನಾ ಟೀವಿಯಲ್ಲಿ. ಅದರಲ್ಲಿ ಚಿಕ್ಕ ವಯಸ್ಸಿನವರೇ ಎಷ್ಟೋ ಜನ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವವೇ ಸಾಲು. ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಾಸನದಲ್ಲಿ ಹೃದಯದ ಕಾಯಿಲೆ ಇದ್ದಕ್ಕಿದ್ದಂತೆ ಏರಿಲ್ಲ ಅಂತ ಜುಲೈನಲ್ಲಿ ವರದಿ ಬಂತು. ಆದರೆ ಅಷ್ಟರಲ್ಲಿ ಊರಿಗೆ ಊರೇ ಹೆದರಿತ್ತು. ನನ್ನ ಹೆಂಡತಿಯೂ ಹೆದರಿದ್ದಳು.

'ರೀ, ಊರೋರೆಲ್ಲ ಹೋಗಿ ತೋರಿಸ್ಕೊಂಡು ಬಂದ್ರು. ನೀವು ಮೆಟ್ಟಿಲು ಹತ್ತಿ ಬಂದು ಗೋಡೆ ಹಿಡ್ಕೊಂಡು ನಿಲ್ಲೋದು ನಾನು ನೋಡಿಲ್ಲ ಅಂದ್ಕೊಂಡಿದ್ದೀರಾ?'

ನೋಡಿದ್ದಳು. ಇಷ್ಟು ದಿನ ನಾನೇ ಹೇಳಲಿ ಅಂತ ಕಾದಿದ್ದಳು. ಮರುದಿನ ಇಸಿಜಿ ಮಾಡಿಸಿದೆವು. ಕಾಗದ ಹೊರಬರುತ್ತಿದ್ದ ಹಾಗೆ ನರ್ಸ್ ನನ್ನ ಮುಖ ನೋಡಿದರು. 'ಸರ್, ನೀವು ನಡ್ಕೊಂಡು ಬಂದ್ರಾ?' ಅಂತ ಕೇಳಿದರು. ನಿಮಿಷಕ್ಕೆ 60ರಿಂದ 100 ಇರಬೇಕಾದ ಎದೆಬಡಿತ 38 ಇತ್ತು.

ಹಾರ್ಟ್ ಬ್ಲಾಕ್ ಅಂದರು. ನಾನು ರಕ್ತನಾಳ ಕಟ್ಟಿಕೊಂಡಿದೆ ಅಂದುಕೊಂಡೆ. ನಮ್ಮಲ್ಲಿ ಬ್ಲಾಕ್ ಅಂದರೆ ಎಲ್ಲರೂ ಅಂದುಕೊಳ್ಳುವುದು ಅದನ್ನೇ ಅಲ್ವಾ. ಆಂಜಿಯೋಗ್ರಾಂ ಮಾಡಿದರು, ನಾಳಗಳು ಚೆನ್ನಾಗಿದ್ದವು. ಇದು ಬೇರೆ ಬ್ಲಾಕ್. ಹೃದಯದ ಮೇಲಿನ ಕೋಣೆಯಲ್ಲಿ ಬಡಿತದ ಸಂಕೇತ ಹುಟ್ಟುತ್ತದೆ. ಅದು ನಡುವಿನ ಒಂದು ಗಂಟನ್ನು ದಾಟಿ ಕೆಳಗಿನ ಕೋಣೆಗೆ ಹೋಗಬೇಕು. ನನ್ನಲ್ಲಿ ದಾಟುತ್ತಿರಲಿಲ್ಲ. ಮೇಲಿನ ಕೋಣೆ 80 ಸಲ ಹೊಡೆಯುತ್ತಿತ್ತು, ಕೆಳಗಿನದು ತನ್ನ ಪಾಡಿಗೆ 38.

ಫೈರ್‌ಮನ್‌ಗೆ ಇದು ಬೇಗ ಅರ್ಥವಾಗುತ್ತದೆ. ಬೆಂಕಿಯ ಹತ್ತಿರ ಬ್ರಾಂಚ್, ಅಂದರೆ ಹೋಸಿನ ತುದಿಯ ನಳಿಕೆ, ಹಿಡಿದವನು 'ವಾಟರ್ ಆನ್' ಅಂತ ಕೂಗುತ್ತಾನೆ. ಪಂಪ್ ಇರುವುದು ನಾಲ್ಕೈದು ಹೋಸ್ ಹಿಂದೆ. ಗದ್ದಲದಲ್ಲಿ ಕೇಳಿಸುವುದಿಲ್ಲ. ಮಧ್ಯ ಒಬ್ಬ ನಿಂತು ಆ ಕೂಗನ್ನು ದಾಟಿಸಬೇಕು. ಆ ಮಧ್ಯದವನು ಸುಮ್ನೆ ನಿಂತುಬಿಟ್ಟರೆ? ಪಂಪ್ ಕೆಟ್ಟಿಲ್ಲ, ಟ್ಯಾಂಕಿನಲ್ಲಿ ನೀರೂ ಇದೆ. ಪಂಪಿನವನು ಅಂದಾಜಿನಲ್ಲಿ ಒಂದಿಷ್ಟು ನೀರು ಬಿಡುತ್ತಾನೆ. ಕೂತಿದ್ದರೆ ಅದು ಸಾಕಾಗುತ್ತದೆ. ಓಡಬೇಕೆಂದರೆ, ಹಗ್ಗ ಹಿಡಿಯಬೇಕೆಂದರೆ ಸಾಲುವುದಿಲ್ಲ. ಬಾವಿಯ ಅಂಚಿನಲ್ಲಿ ಆಗಿದ್ದು ಅದೇ. ಎರಡು ಮೂರು ಸೆಕೆಂಡು ಕೆಳಗಿನ ಕೋಣೆ ಹೊಡೆದೇ ಇರಲಿಲ್ಲ.

ಪೇಸ್‌ಮೇಕರ್ ಅಂದರೆ ಆ ಮಧ್ಯದವನ ಜಾಗದಲ್ಲಿ ಹೊಸಬನನ್ನು ನಿಲ್ಲಿಸುವುದು. ಎಡ ಭುಜದ ಕೆಳಗೆ, ಕಾಲರ್ ಬೋನ್‌ಗೆ ಎರಡು ಬೆರಳು ಕೆಳಗೆ, ಚರ್ಮದಡಿ ಒಂದು ಪುಟ್ಟ ಚೀಲದಷ್ಟು ಜಾಗ ಮಾಡಿ ಇಡುತ್ತಾರೆ. ಅದರಿಂದ ಎರಡು ವೈರ್ ರಕ್ತನಾಳದೊಳಗೆ ಇಳಿದು ಹೃದಯ ಸೇರುತ್ತವೆ. ಪೂರ್ತಿ ಮತ್ತು ಕೊಡುವುದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸುತ್ತಾರೆ. ಡಾಕ್ಟರ್ ಮಾತಾಡುವುದು ಕೇಳಿಸುತ್ತಾ ಇತ್ತು. ಪೇಸ್‌ಮೇಕರ್ ಕೆಲಸ ಶುರು ಮಾಡಿದ ಕ್ಷಣ ನನಗೆ ಇನ್ನೂ ನೆನಪಿದೆ. ತಣ್ಣಗಿದ್ದ ಕಾಲಿನ ಬೆರಳುಗಳು ಸ್ವಲ್ಪ ಹೊತ್ತಿನಲ್ಲೇ ಬೆಚ್ಚಗಾದವು. ಎಷ್ಟು ತಿಂಗಳಿನಿಂದ ತಣ್ಣಗಿದ್ದವೋ, ನಾನು ಗಮನಿಸಿಯೇ ಇರಲಿಲ್ಲ. ಖರ್ಚಿನ ಚಿಂತೆ ನಮ್ಮಂಥವರಿಗೆ ಜಾಸ್ತಿ. ಸರ್ಕಾರಿ ನೌಕರರಿಗೆ ಆಗ ಇದ್ದ ಜ್ಯೋತಿ ಸಂಜೀವಿನಿ ಯೋಜನೆಯಲ್ಲಿ ಅದು ನೀಗಿತು.

ಆರು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆ ಎತ್ತುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ. ವೈರ್‌ಗಳು ಹೃದಯದ ಗೋಡೆಗೆ ಗಟ್ಟಿಯಾಗಿ ಕೂರುವ ತನಕ ಈ ಕಟ್ಟು. ಅವ್ವ ಊರಿನಿಂದ ಬಂದು ಇದ್ದಳು. ಅಂಗಿ ತೊಡುವಾಗ ನಾಲ್ಕು ವರ್ಷದ ಮಗುವಿಗೆ ಹಾಕುವ ಹಾಗೆ ಮೊದಲು ಎಡ ತೋಳು ತೂರಿಸುತ್ತಿದ್ದಳು. 'ಬೆಂಕಿ ಕೆಲ್ಸ ಸಾಕು ಕಣ್ ಮಗ, ತ್ವಾಟ ನೋಡ್ಕಂಡ್ ಇರು' ಅಂತ ದಿನಕ್ಕೆರಡು ಸಲ. ನೆಂಟರು ಬಂದವರೆಲ್ಲ ವಿಆರ್‌ಎಸ್ ತಗೋ ಅಂದರು. ಅವರ ಪ್ರೀತಿ ನನಗೆ ಅರ್ಥವಾಗುತ್ತಿತ್ತು. ಆದರೆ ಎದೆಯಲ್ಲಿ ಮಿಷನ್ ಇದ್ದವನು ಮುಗಿದ ಮನುಷ್ಯ ಅಂತ ಎಲ್ಲರೂ ಕೇಳುವ ಮೊದಲೇ ತೀರ್ಮಾನಿಸಿದ್ದು ನೋವಾಯಿತು.

ಆ ದಿನಗಳಲ್ಲೇ ಅರ್ನೆ ಲಾರ್ಸನ್ ಬಗ್ಗೆ ಓದಿದೆ. ಸ್ವೀಡನ್ನಿನವರು. ದೇಹದೊಳಗೆ ಪೇಸ್‌ಮೇಕರ್ ಇಡಿಸಿಕೊಂಡ ಮೊದಲ ಮನುಷ್ಯ. 1958ರ ಅಕ್ಟೋಬರ್ 8. ಆಗ ಅವರಿಗೆ 43 ವರ್ಷ. ನನಗೂ 43. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಪ್ರಜ್ಞೆ ತಪ್ಪುತ್ತಿತ್ತಂತೆ. ಅವರ ಹೆಂಡತಿ ಡಾಕ್ಟರನ್ನೂ ಎಂಜಿನಿಯರನ್ನೂ ಬಿಡದೆ ಬೆನ್ನು ಹತ್ತಿ ಮಾಡಿಸಿದರು. ರೂನೆ ಎಲ್ಮ್‌ಕ್ವಿಸ್ಟ್ ಅನ್ನುವ ಆ ಎಂಜಿನಿಯರ್ ಪೇಸ್‌ಮೇಕರ್ ಎರಕ ಹೊಯ್ದಿದ್ದು ಶೂ ಪಾಲಿಶ್ ಡಬ್ಬಿಯಲ್ಲಿ. ಅದನ್ನು ಓದಿದಾಗ ಎದ್ದು ಹೋಗಿ ಗೂಡಿನಲ್ಲಿದ್ದ ನನ್ನ ಪಾಲಿಶ್ ಡಬ್ಬಿ ತಂದು ಕೈಯಲ್ಲಿ ಹಿಡಿದು ನೋಡಿದೆ. 19 ವರ್ಷದಿಂದ ಪ್ರತಿದಿನ ಪರೇಡ್‌ಗೆ ಮುಂಚೆ ತೆಗೆದ ಡಬ್ಬಿ. ಅಷ್ಟು ದೊಡ್ಡದನ್ನು ಮೈಯೊಳಗೆ ಇಟ್ಟಿದ್ದರು. ಅದು ಕೆಲವೇ ಗಂಟೆ ನಡೆದು ನಿಂತಿತು. ಆಮೇಲೆ ಇನ್ನೊಂದು, ಮತ್ತೊಂದು. ಒಟ್ಟು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸಿಕೊಂಡು, ಆಪರೇಷನ್ ಮಾಡಿದ ಡಾಕ್ಟರ್ ಮತ್ತು ಆ ಎಂಜಿನಿಯರ್ ಇಬ್ಬರೂ ಹೋದ ಮೇಲೂ ಬದುಕಿದ್ದು, 2001ರಲ್ಲಿ 86ನೇ ವಯಸ್ಸಿಗೆ ತೀರಿಕೊಂಡರು. ನನ್ನದು 30 ಗ್ರಾಂಗಿಂತ ಕಡಿಮೆ. ಬ್ಯಾಟರಿ ಹತ್ತು ವರ್ಷದ ಆಸುಪಾಸು ಬರುತ್ತದೆ ಅಂದಿದ್ದಾರೆ.

ಸೆಪ್ಟೆಂಬರ್‌ನಲ್ಲಿ ಠಾಣೆಗೆ ಹೋದೆ. ವಾಚ್ ರೂಮ್ ಡ್ಯೂಟಿ. ನಾನು ಅಷ್ಟು ಹೆದರಿದ್ದ ಅದೇ ಕುರ್ಚಿ. ಕೂತು ನೋಡಿದ ಮೇಲೆ ಆ ಕುರ್ಚಿಯ ಭಾರ ಗೊತ್ತಾಯಿತು. ಗಾಬರಿಯಲ್ಲಿ ಅಳುತ್ತಾ ಮಾತಾಡುವವರಿಂದ ಊರು, ದಾರಿ, ಗುರುತು ಬಿಡಿಸಿಕೊಳ್ಳಬೇಕು. ಒಂದು ಹೆಸರು ತಪ್ಪಾಗಿ ಬರೆದರೆ ಗಾಡಿ ಬೇರೆ ಊರಿಗೆ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆರೆದಾಗ ಬಂದೋಬಸ್ತ್‌ಗೆ ಗಾಡಿ ಜೊತೆ ನಿಂತೆ. ಮೆಟಲ್ ಡಿಟೆಕ್ಟರ್ ಬಾಗಿಲಿನಲ್ಲಿ ಜೇಬಿನಿಂದ ಪೇಸ್‌ಮೇಕರ್ ಕಾರ್ಡ್ ತೆಗೆದು ತೋರಿಸಿದೆ. ಅಲ್ಲಿದ್ದ ಪೊಲೀಸ್ ಹುಡುಗ ಸಲ್ಯೂಟ್ ಹೊಡೆದು ಪಕ್ಕದಿಂದ ಬಿಟ್ಟ.

ಟರ್ನ್ ಔಟ್‌ಗೆ ಮರಳಬೇಕಾದರೆ ಡಾಕ್ಟರ್ ಫಿಟ್‌ನೆಸ್ ಬರೆದುಕೊಡಬೇಕು. ಮೊದಲ ಸಲ ಹೋದಾಗ 'ಅಗ್ನಿಶಾಮಕ ಇಲಾಖೆ' ಅಂದೆ. ಹಗುರ ಕೆಲಸ ಮಾಡಬಹುದು ಅಂತ ಒಂದು ಸಾಲು ಬರೆದರು. ತಪ್ಪು ಅವರದಲ್ಲ. ನಮ್ಮ ಕೆಲಸ ಏನು ಅಂತ ಯಾರಿಗೆ ಗೊತ್ತು? ಎರಡನೇ ಸಲ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಬೆಲ್ ಆದ ಮೇಲೆ ಒಂದು ನಿಮಿಷದೊಳಗೆ ನಿದ್ದೆಯಿಂದ ಗಾಡಿಗೆ. ನೀರು ತುಂಬಿದ ಹೋಸ್ ಎಳೆಯುವುದು. ಬೆನ್ನಿಗೆ ಬಿಎ ಸೆಟ್, ಅಂದರೆ ಹೊಗೆಯಲ್ಲಿ ಉಸಿರಾಡುವ ಗಾಳಿಯ ಸಿಲಿಂಡರ್, ಹತ್ತು ಕಿಲೋಗಿಂತ ಜಾಸ್ತಿ. ಅದರ ಪಟ್ಟಿ ಎಡ ಭುಜದ ಮೇಲೆ ಎಲ್ಲಿ ಬರುತ್ತದೆ ಅನ್ನುವುದಕ್ಕೆ ಫೋಟೋ. ಜನರೇಟರ್, ಕಟರ್, ವಾಕಿಟಾಕಿ, ತುಂಡಾಗಿ ಬಿದ್ದ ಕರೆಂಟ್ ವೈರ್. ಡಾಕ್ಟರ್ ಕನ್ನಡಕ ತೆಗೆದಿಟ್ಟು ಎರಡು ಸಲ ಓದಿದರು. 'ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡೋಣ. ಪೂರ್ತಿ ಸುಸ್ತಾಗೋ ತನಕ ಓಡಬೇಕು, ಮರೆಮಾಚಬಾರದು' ಅಂದರು.

ಆ ಮಾತು ಅವರು ಸಹಜವಾಗಿ ಹೇಳಿದ್ದು. ನನಗೆ ಅಂಗೈ ಉರಿದ ಹಾಗಾಯಿತು.

ಓಡಿದೆ. ಎದೆಬಡಿತ 120 ದಾಟಿತು, 130 ದಾಟಿತು, ಚೆನ್ನಾಗೇ ಇದ್ದೆ. ಇನ್ನೊಂದಿಷ್ಟು ವೇಗ ಹೆಚ್ಚಿಸಿದರು. ಇದ್ದಕ್ಕಿದ್ದಂತೆ ಕಾಲು ಭಾರವಾಯಿತು, ಉಸಿರು ಸಾಲಲಿಲ್ಲ. ಮೇ ತಿಂಗಳ ಅದೇ ಅನುಭವ. ಹಳೆಯ ನಾನಾಗಿದ್ದರೆ ಹಲ್ಲು ಕಚ್ಚಿ ಇನ್ನೊಂದು ನಿಮಿಷ ಓಡುತ್ತಿದ್ದೆ. 'ಸರ್, ಈಗ ಆಗ್ತಿದೆ' ಅಂದೆ.

ಪರದೆಯಲ್ಲಿ ತೋರಿಸಿದರು. ಪೇಸ್‌ಮೇಕರ್‌ಗೆ ಒಂದು ಮೇಲಿನ ಮಿತಿ ಇರುತ್ತದೆ. ನನ್ನದು 130ಕ್ಕೆ ಇತ್ತು. ಹೃದಯದ ಮೇಲಿನ ಕೋಣೆ 150ಕ್ಕೆ ಹೋದಾಗ ಪೇಸ್‌ಮೇಕರ್ ಪ್ರತಿ ಸಂಕೇತವನ್ನೂ ದಾಟಿಸಲಾಗದೆ ಒಂದು ಬಿಟ್ಟು ಒಂದು ದಾಟಿಸಿತು. ಕೆಳಗೆ ಬಡಿತ ಅರ್ಧಕ್ಕೆ, 75ಕ್ಕೆ ಬಿತ್ತು. ಮನೆಯಲ್ಲಿ, ಆಫೀಸಿನಲ್ಲಿ ಇರುವವರಿಗೆ ಆ ಮಿತಿ ಸಾಕು. ಮೆಟ್ಟಿಲು ಏರಿ ಹೋಸ್ ಎಳೆಯುವವನಿಗೆ ಸಾಲದು. ಎದೆಯ ಮೇಲೆ ಒಂದು ಸಾಧನ ಇಟ್ಟು, ಚರ್ಮ ಕೊಯ್ಯದೆ, ಕುಳಿತಲ್ಲೇ ಲೆಕ್ಕ ಬದಲಿಸಿದರು. ಮಿತಿ 160 ಆಯಿತು. ಮತ್ತೆ ಒಂದು ದಿನ ಓಡಿಸಿದರು. ಈ ಸಲ ಬರೀ ಸುಸ್ತಾಯಿತು. ಬೆವರು, ಏದುಸಿರು, ತೊಡೆ ನೋವು. ಎಷ್ಟೋ ದಿನದ ಮೇಲೆ ಬಂದ ಒಳ್ಳೆಯ ಸುಸ್ತು ಅದು. ಟ್ರೆಡ್‌ಮಿಲ್‌ನಿಂದ ಇಳಿದು ಅತ್ತುಬಿಟ್ಟೆ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ನಿಮಗೂ ಪೇಸ್‌ಮೇಕರ್ ಇದ್ದು, ಮೈ ಬಗ್ಗಿಸಿ ದುಡಿಯುವ ಕೆಲಸ ನಿಮ್ಮದಾಗಿದ್ದರೆ, ಆ ಕೆಲಸ ಏನು ಅಂತ ಡಾಕ್ಟರ್‌ಗೆ ಬಿಡಿಸಿ ಹೇಳಿ. ಅವರು ಕೇಳದಿದ್ದರೂ ಹೇಳಿ.

ಫಿಟ್‌ನೆಸ್ ಸಿಕ್ಕಿತು, ಷರತ್ತಿನ ಜೊತೆ. ಟರ್ನ್ ಔಟ್ ಹೋಗಬಹುದು, ಹೊರಗಿನ ಕೆಲಸ, ಪಂಪ್ ಕೆಲಸ ಮಾಡಬಹುದು. ಬಿಎ ಸೆಟ್ ಹಾಕಿ ಹೊಗೆಯೊಳಗೆ ಹೋಗುವುದು ಒಂದು ವರ್ಷದ ತಪಾಸಣೆ ಆಗುವ ತನಕ ಬೇಡ. ನನ್ನ ಬಡಿತ ಹೆಚ್ಚುಕಮ್ಮಿ ಪೂರ್ತಿ ಆ ಪೇಸ್‌ಮೇಕರ್ ಮೇಲೇ ನಿಂತಿದೆ. ಒಳಗೆ ಒಂದು ತೊಲೆ ಎಡ ಭುಜಕ್ಕೆ ಬಡಿದು ವೈರ್ ಕದಲಿದರೆ ನನ್ನನ್ನು ಹೊರಗೆ ತರಲು ಇನ್ನೊಬ್ಬ ಒಳಗೆ ಬರಬೇಕಾಗುತ್ತದೆ. ಒಪ್ಪಿಕೊಂಡೆ. ಸುಲಭವಾಗಿ ಒಪ್ಪಿಕೊಂಡೆ ಅಂತ ಹೇಳಲಾರೆ. ವಾಕಿಟಾಕಿ ಎಡ ಭುಜದಿಂದ ಬಲ ಸೊಂಟಕ್ಕೆ ಬಂತು. ಮೊಬೈಲ್ ಎಡ ಜೇಬಿನಿಂದ ಹೊರಗೆ. ವೆಲ್ಡಿಂಗ್ ಮಾಡುವ ಕಡೆ ದೂರ. ಡ್ರಿಲ್‌ನಲ್ಲಿ ಬಿಎ ಸೆಟ್ ಹಾಕಿ ನೋಡಿದಾಗ ಪಟ್ಟಿ ಸರಿಯಾಗಿ ಆ ಉಬ್ಬಿನ ಅಂಚನ್ನೇ ಒತ್ತಿತು. ಹೆಂಡತಿ ಒಂದು ಸ್ಪಾಂಜಿಗೆ ಹಳೆಯ ಖಾಕಿ ಪ್ಯಾಂಟಿನ ಬಟ್ಟೆ ಸುತ್ತಿ ನಾಲ್ಕೂ ಅಂಚು ಕೈಯಲ್ಲೇ ಹೊಲಿದುಕೊಟ್ಟಳು. ಮಧ್ಯ ಪೇಸ್‌ಮೇಕರ್ ಗಾತ್ರಕ್ಕೆ ಒಂದು ತಗ್ಗು ಬಿಟ್ಟಿದ್ದಾಳೆ, ಭಾರ ಅದರ ಸುತ್ತ ಬೀಳಲಿ ಅಂತ. ಅದು ನನ್ನ ಲಾಕರ್‌ನಲ್ಲಿದೆ. ಬರುವ ಜುಲೈಗೆ ಕಾಯುತ್ತಿದೆ.

ಒಂದು ಕೆಲಸ ಬಾಕಿ ಇತ್ತು.

ಅಮೆರಿಕದ ಫೈರ್‌ಮನ್‌ಗಳ ಬಗ್ಗೆ 2007ರಲ್ಲಿ ಬಂದ ಒಂದು ಅಧ್ಯಯನ ಓದಿದ್ದೆ. ಡ್ಯೂಟಿಯಲ್ಲಿ ಸಾಯುವವರಲ್ಲಿ ಶೇ. 45ರಷ್ಟು ಜನ ಸಾಯುವುದು ಹೃದಯದ ಕಾಯಿಲೆಯಿಂದ. ನಮ್ಮ ಎದೆ ನಮಗೆ ಬೆಂಕಿಯಷ್ಟೇ ಅಪಾಯ ಅಂತಾಯಿತು. ಅವರಲ್ಲಿ ಎಷ್ಟು ಜನ ಮೊದಲೇ ಸುಸ್ತನ್ನು ನುಂಗಿಕೊಂಡಿದ್ದರೋ ಅನ್ನುವ ಯೋಚನೆ ತಲೆಯಿಂದ ಹೋಗಲಿಲ್ಲ. ಪ್ರತಿ ವರ್ಷ ಏಪ್ರಿಲ್ 14ರಂದು, 1944ರ ಮುಂಬೈ ಬಂದರಿನ ಸ್ಫೋಟದಲ್ಲಿ ಸತ್ತ ಫೈರ್‌ಮನ್‌ಗಳಿಗೆ ನಾವು ಗೌರವ ಸಲ್ಲಿಸುತ್ತೇವೆ. ಅವರು ಹೋದದ್ದು ಬೆಂಕಿಗೆ. ಬಾವಿಗೆ ಇಳಿದ ಆ ಹುಡುಗ ಹೋಗುತ್ತಿದ್ದರೆ, ಹೋಗುತ್ತಿದ್ದದ್ದು ನನ್ನ ಸುಳ್ಳಿಗೆ.

ಮೊದಲ ಟರ್ನ್ ಔಟ್ ಡ್ಯೂಟಿಯ ಬೆಳಿಗ್ಗೆ, ಪರೇಡ್ ಆದ ಮೇಲೆ, ಎಲ್ಲರ ಮುಂದೆ ಹೇಳಿದೆ. ಬಾವಿಯಲ್ಲಿ ಕೈ ಬೆವೆತು ಹಗ್ಗ ಜಾರಿದ್ದಲ್ಲ. ಕಣ್ಣು ಕತ್ತಲೆ ಬಂದಿತ್ತು. ಅದಕ್ಕೂ ಮೊದಲು ಎರಡು ತಿಂಗಳಿನಿಂದ ಬರುತ್ತಿತ್ತು. ಗೊತ್ತಿದ್ದೂ ಹಗ್ಗ ಹಿಡಿದೆ.

ಯಾರೂ ಮಾತಾಡಲಿಲ್ಲ. ಡ್ರೈವರ್ ನೆಲ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹುಡುಗ ಹೇಳಿದ, 'ಅವತ್ತ ಹೇಳಿದ್ರ ನಿಮ್ಮ ಕೈಯಾಗ ಹಗ್ಗ ಕೊಡ್ತಿರ್ಲಿಲ್ರೀ ಅಣ್ಣಾರ.'

'ಹೌದಪ್ಪ' ಅಂದೆ. ಬೇರೆ ಏನು ಹೇಳಲಿ?

ಎರಡು ದಿನ ಅವನು ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ. ಮೂರನೇ ದಿನ ಹೋಸ್ ಒಣಗಿಸುತ್ತಿದ್ದಾಗ ಪಕ್ಕಕ್ಕೆ ಬಂದ. 'ಅದು ಎಲ್ಲೈತ್ರೀ, ತೋರ್ಸ್ರಿ' ಅಂದ. ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಬೆರಳಿನಿಂದ ಮುಟ್ಟಬಹುದಾ ಅಂತ ಕೇಳಿದ. ಮುಟ್ಟಿದ. ಏನಾದರೂ ಆದರೆ ಈ ಕಡೆ ಹಿಡಿದು ಎತ್ತಬಾರದು, ಬಲ ತೋಳಿನಡಿ ಕೈ ಹಾಕಬೇಕು ಅಂತ ಹೇಳಿಕೊಟ್ಟೆ. ಅವತ್ತೇ ಸಂಜೆ ಉಳಿದವರಿಗೂ ಅವನೇ ಹೇಳಿಕೊಟ್ಟ.

ಈ ವರ್ಷ ಫೆಬ್ರವರಿಯಲ್ಲಿ ಶಾಂತಿಗ್ರಾಮದ ಆಚೆ ಒಂದು ಹಳ್ಳಿಯಿಂದ ಕಾಲ್ ಬಂತು. ರಾಗಿ ಹುಲ್ಲಿನ ಮೆದೆಗೆ ಬೆಂಕಿ. ಜೋತು ಬಿದ್ದ ಕರೆಂಟ್ ತಂತಿಗಳು ಗಾಳಿಗೆ ತಾಗಿ ಕಿಡಿ ಬಿದ್ದಿತ್ತು. ಕೆಇಬಿಯವರು ಲೈನ್ ತೆಗೆದಿದ್ದಾರೆ ಅಂತ ಖಾತ್ರಿ ಮಾಡಿಕೊಂಡೇ ಹತ್ತಿರ ಹೋದೆವು. ಮೆದೆಯ ಬೆಂಕಿ ಬೇಗ ಆರುವುದಿಲ್ಲ. ಮೇಲೆ ನೀರು ಹೊಡೆದರೆ ಹೊರಗೆ ಕಪ್ಪಾಗುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಕೊಕ್ಕೆಯಲ್ಲಿ ಎಳೆದು ಬಿಡಿಸಬೇಕು, ಬಿಡಿಸಿದಷ್ಟಕ್ಕೆ ನೀರು ಹೊಡೆಯಬೇಕು, ಮತ್ತೆ ಎಳೆಯಬೇಕು. 4,500 ಲೀಟರ್ ಟ್ಯಾಂಕ್ ನೋಡನೋಡುತ್ತ ಖಾಲಿ. ಬೋರ್‌ವೆಲ್ ತೊಟ್ಟಿಯಿಂದ ತುಂಬಿಸಿಕೊಂಡು ಮತ್ತೆ ಶುರು. ಮೆದೆಯ ಯಜಮಾನಿ ವಯಸ್ಸಾದ ಅಜ್ಜಿ. ಎರಡು ಹಸು, ಒಂದು ಕರು. ವರ್ಷದ ಮೇವು ಕಣ್ಣ ಮುಂದೆ ಹೋಗುತ್ತಿತ್ತು. ಅರ್ಧ ಆದರೂ ಉಳಿಸಿ ಮಗ ಅಂತ ಕೈ ಮುಗಿಯುತ್ತಿದ್ದರು.

ಗಾಳಿ ನಮ್ಮ ಬೆನ್ನ ಕಡೆಯಿಂದ ಬೀಸುತ್ತಿತ್ತು. ಬ್ರಾಂಚ್ ನನ್ನ ಕೈಯಲ್ಲಿತ್ತು. ಮುಕ್ಕಾಲು ಗಂಟೆ ಆಗಿತ್ತು. ತೋಳು ನಡುಗಲು ಶುರುವಾಯಿತು. ಕತ್ತಲೆ ಇಲ್ಲ, ತಲೆ ಸುತ್ತಿಲ್ಲ. ಸುಮ್ನೆ ಸುಸ್ತು. ಇನ್ನೂ ಹತ್ತು ನಿಮಿಷ ಹಿಡಿಯಬಹುದಿತ್ತು.

'ನಂಗೆ ಸುಸ್ತಾಗ್ತಿದೆ ಕಣಪ್ಪ, ನೀನು ಹಿಡ್ಕೋ' ಅಂದೆ.

ಹುಡುಗ ಕೊಕ್ಕೆ ಬಿಟ್ಟು ಓಡಿ ಬಂದ. ನನ್ನ ಬಲಗಡೆಯಿಂದಲೇ ಬಂದ. ಬ್ರಾಂಚ್ ಅವನ ಕೈಗೆ ಹೋಯಿತು. ನಾನು ಹಿಂದೆ ಸರಿದು ಅವನಿಗೂ ಗಾಡಿಗೂ ನಡುವೆ ನಿಂತೆ. ಅವನು ಕೂಗಿದ್ದನ್ನು ಪಂಪಿನ ಹತ್ತಿರವಿದ್ದ ಡ್ರೈವರ್‌ಗೆ ದಾಟಿಸುತ್ತಾ ಹೋದೆ. ಅರ್ಧ ಮೆದೆ ಉಳಿಯಿತು. ಅಜ್ಜಿ ದೊಡ್ಡ ಚೊಂಬಿನಲ್ಲಿ ಮಜ್ಜಿಗೆ ತಂದರು. ಕೈಗೆಲ್ಲ ಮಸಿ. ಮೊದಲ ಲೋಟ ತುಂಬಿಸಿ ಹುಡುಗ ನನ್ನ ಕಡೆ ಚಾಚಿದ.

'ಕುಡೀರಿ ಅಣ್ಣಾರ. ಇನ್ನೊಂದ್ ಟ್ಯಾಂಕ್ ನೀರು ಹೊಡೀಬೇಕ.'